ನೆಗಡಿ ಜ್ವರದ ಈ ಮಗು ಯಾವ ರಿಜಿಸ್ಟರ್‌ನಲ್ಲಿದೆ? ಆರೋಗ್ಯ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಫ್ಲೂ ಬಂದು ಮೆದುಳಿಗೆ ಪೆಟ್ಟಾದ ಚಿಕ್ಕ ಮಕ್ಕಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಬಗ್ಗೆ.

ಮಾನ್ಯರೇ,

ಹೋದ ತಿಂಗಳು ನಾನು ಬರೆದುಕೊಟ್ಟ ಒಂದು ಚೀಟಿ ವಾಪಸ್ ಬಂತು. ನಾಲ್ಕು ವರ್ಷದ ಹುಡುಗಿಯೊಬ್ಬಳ ಅಂಗವಿಕಲ ಪ್ರಮಾಣಪತ್ರದ ಅರ್ಜಿ ಜೊತೆ ಇಡಲಿ ಅಂತ ಬರೆದ ಚೀಟಿ ಅದು. ಕಾರಣ ಏನು ಅನ್ನುವ ಕಡೆ ‘ಇನ್‌ಫ್ಲುಯೆಂಜಾದಿಂದ ಆದ ಮೆದುಳಿನ ತೊಂದರೆ’ ಎಂದು ಬರೆದಿದ್ದೆ. ಅದನ್ನು ನೋಡಿದವರು ಮಗುವಿನ ತಾಯಿಗೆ ಹೇಳಿದರಂತೆ: “ನೆಗಡಿ ಜ್ವರಕ್ಕೆ ಯಾರಿಗಾದ್ರೂ ಕೈಕಾಲು ಹೋಗತ್ತೇನಮ್ಮಾ? ಸರಿಯಾಗಿ ಬರ್ಕೊಡೋಕೆ ಹೇಳಿ ನಿಮ್ಮ ಡಾಕ್ಟ್ರಿಗೆ.”

ಅವರ ಮೇಲೆ ನನಗೆ ಸಿಟ್ಟಿಲ್ಲ. ಇಪ್ಪತ್ತೆರಡು ವರ್ಷದಿಂದ ಒಂದೇ ತಾಲೂಕು ಊರಿನಲ್ಲಿ ಮಕ್ಕಳನ್ನು ನೋಡುತ್ತಿರುವ ನನಗೂ ಆ ಹುಡುಗಿ ಬಂದ ರಾತ್ರಿ ಅದು ಹೊಳೆದಿರಲಿಲ್ಲ.

ಆಗಸ್ಟ್ ತಿಂಗಳು. ಜಿಟಿಜಿಟಿ ಮಳೆ. ಆ ವಾರವೆಲ್ಲ ನನ್ನ ಕ್ಲಿನಿಕ್ಕಿನ ಬೆಂಚಿನ ಮೇಲೆ ಒಂದೇ ಕಥೆ: ಜ್ವರ, ಕೆಮ್ಮು, ಸುರಿಯುವ ಮೂಗು, ಊಟ ಬೇಡ ಅನ್ನುವ ಮಕ್ಕಳು. ರಾತ್ರಿ ಎಂಟರ ಹೊತ್ತಿಗೆ ಆಟೋದಲ್ಲಿ ಈ ಹುಡುಗಿಯನ್ನು ಕರೆತಂದರು. ಆಗ ಅವಳಿಗೆ ಮೂರು ತುಂಬಿ ಕೆಲವೇ ತಿಂಗಳಾಗಿತ್ತು. ಹಿಂದಿನ ದಿನ ಸಂಜೆ ಜ್ವರ ಶುರುವಾಗಿತ್ತು, ಈಗ ಫಿಟ್ಸ್. ಅಜ್ಜಿ ಮಗುವಿನ ಮುಷ್ಟಿಯೊಳಗೆ ಬೀಗದ ಕೈಗೊಂಚಲು ತುರುಕಿ ಹಿಡಿದಿದ್ದರು. ಗೊಂಚಲು ಬಿಡಿಸಿ, ಮಗ್ಗುಲಿಗೆ ಮಲಗಿಸಿ, ಮೂಗಿಗೆ ಮಿಡಜೋಲಾಮ್ ಸ್ಪ್ರೇ ಹೊಡೆದೆ. ಎರಡು ನಿಮಿಷಕ್ಕೆ ನಿಂತಿತು. ಜ್ವರ 103 ಇತ್ತು.

ದಿನಾ ಹೇಳುವ ಮಾತನ್ನೇ ಅವತ್ತೂ ಹೇಳಿದೆ. “ಜ್ವರಕ್ಕೆ ಬರೋ ಫಿಟ್ಸ್ ಅಮ್ಮಾ, ಹೆದರಬೇಡಿ. ನೂರು ಮಕ್ಕಳಲ್ಲಿ ಮೂರ್ನಾಲ್ಕು ಮಕ್ಕಳಿಗೆ ಬರತ್ತೆ. ಮೆದುಳಿಗೆ ಏನೂ ಆಗಲ್ಲ.” ಇದು ನಿಜವೇ. ಇದನ್ನು ಓದುತ್ತಿರುವ ತಂದೆತಾಯಂದಿರಿಗೂ ಈಗಲೇ ಹೇಳಿಬಿಡುತ್ತೇನೆ. ಜ್ವರಕ್ಕೆ ಬರುವ ಫಿಟ್ಸ್ ಬಹುಪಾಲು ಹದಿನೈದು ನಿಮಿಷದೊಳಗೆ ನಿಲ್ಲುತ್ತದೆ, ದಿನಕ್ಕೆ ಒಂದೇ ಸಲ ಬರುತ್ತದೆ, ಆಮೇಲೆ ಮಗು ಸ್ವಲ್ಪ ಹೊತ್ತು ಮಲಗಿ ಎದ್ದು ಎಂದಿನಂತೆ ಆಗುತ್ತದೆ. ಈ ಪತ್ರ ಆ ಮಕ್ಕಳ ಬಗ್ಗೆ ಅಲ್ಲ.

ಈ ಹುಡುಗಿ ಎಂದಿನಂತೆ ಆಗಲಿಲ್ಲ. ಒಂದೂವರೆ ಗಂಟೆ ಕಳೆದ ಮೇಲೆ ಕಣ್ಣು ಬಿಟ್ಟಳು. ತಾಯಿಯ ತೊಡೆಯ ಮೇಲೆ ಕೂತುಕೊಂಡೇ, ತಾಯಿಯ ಮುಖ ನೋಡಿಕೊಂಡೇ ಕೇಳಿದಳು: “ಅಮ್ಮ ಎಲ್ಲಿ?” ತಾಯಿ ನನ್ನ ಕಡೆ ನೋಡಿದರು. “ಔಷಧದ ಮಂಪರು, ಇಳಿಯತ್ತೆ” ಅಂದೆ. ಹನ್ನೊಂದಕ್ಕೆ ಎರಡನೇ ಫಿಟ್ಸ್ ಬಂತು. ಆಂಬ್ಯುಲೆನ್ಸ್ ಕರೆಸಿ ಜಿಲ್ಲಾ ಕೇಂದ್ರಕ್ಕೆ ಕಳಿಸಿದೆ. ಜೊತೆಗೆ ಕೊಟ್ಟ ಪತ್ರದಲ್ಲಿ ನನ್ನ ಕೈಯಾರೆ ‘ಫೆಬ್ರೈಲ್ ಸೀಜರ್’, ಅಂದರೆ ಜ್ವರದ ಫಿಟ್ಸ್, ಎಂದು ಬರೆದು ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೆ. ಆ ಚಿಹ್ನೆಯಷ್ಟೇ ಆ ರಾತ್ರಿಯ ನನ್ನ ಬುದ್ಧಿವಂತಿಕೆ.

ಅಲ್ಲಿಂದ ಮಗುವನ್ನು ಬೆಂಗಳೂರಿಗೆ ಕಳಿಸಿದರು. ಬೆನ್ನಿನಿಂದ ನೀರು ತೆಗೆದು ನೋಡಿದರು, ಹೆಚ್ಚೇನೂ ಸಿಗಲಿಲ್ಲ. ಸೊಳ್ಳೆಯಿಂದ ಬರುವ ಮೆದುಳು ಜ್ವರ, ಜಪಾನೀಸ್ ಎನ್‌ಕೆಫಲೈಟಿಸ್ (ಜೆಇ) ಇಲ್ಲ. ಡೆಂಗಿ ಇಲ್ಲ. ನಾಲ್ಕನೇ ದಿನ ಎಂಆರ್‌ಐ ಆಯಿತು. ಮೆದುಳಿನ ನಡುವೆ, ಎರಡೂ ಬದಿ, ಥಲಾಮಸ್ ಅನ್ನುವ ಭಾಗ ಊದಿಕೊಂಡು ಹಾಳಾಗಿತ್ತು. ಆ ಚಿತ್ರ ನೋಡಿದ ಯಾರೋ ಚುರುಕು ಬುದ್ಧಿಯ ಕಿರಿಯ ಡಾಕ್ಟರ್ ಒಬ್ಬರು ಮೂಗಿಗೆ ಕಡ್ಡಿ ಹಾಕಿ ಸ್ವಾಬ್ ತೆಗೆಸಿದರು. ಇನ್‌ಫ್ಲುಯೆಂಜಾ ಎ ಪಾಸಿಟಿವ್. ಫ್ಲೂಗೆ ಕೊಡುವ ಔಷಧ ಒಸೆಲ್ಟಾಮಿವಿರ್ ಶುರುವಾಗಿದ್ದು ಅವತ್ತು. ನಾಲ್ಕನೇ ದಿನ!

ನನ್ನ ಕ್ಲಿನಿಕ್ಕಿನ ಡ್ರಾಯರ್‌ನಲ್ಲಿ ಸ್ವಾಬ್ ಕಡ್ಡಿ ಇರಲಿಲ್ಲ. ಇದ್ದರೂ ಎಲ್ಲಿಗೆ ಕಳಿಸುವುದು ಅಂತ ಗೊತ್ತಿರಲಿಲ್ಲ.

ಸ್ವಾಮಿ, ಇದಕ್ಕೆ ವೈದ್ಯಕೀಯದಲ್ಲಿ ಹೆಸರಿದೆ. 1995ರಲ್ಲಿ ಜಪಾನಿನ ಮಕ್ಕಳ ನರರೋಗ ತಜ್ಞ ಮಸಾಶಿ ಮಿಝುಗುಚಿ ಮತ್ತು ಅವರ ಜೊತೆಗಾರರು ಇದನ್ನು ‘ಅಕ್ಯೂಟ್ ನೆಕ್ರೋಟೈಸಿಂಗ್ ಎನ್‌ಕೆಫಲೋಪತಿ’ ಎಂದು ಕರೆದು ವಿವರಿಸಿದರು. ಚೆನ್ನಾಗಿ ಆಡಿಕೊಂಡಿದ್ದ ಮಗುವಿಗೆ ಜ್ವರ ಬರುತ್ತದೆ. ಒಂದೆರಡು ದಿನದಲ್ಲಿ ಫಿಟ್ಸ್, ಮಂಪರು, ಕೋಮಾ. ಎಂಆರ್‌ಐನಲ್ಲಿ ಎರಡೂ ಥಲಾಮಸ್ ಹಾಳಾಗಿರುತ್ತವೆ. ಫ್ಲೂ ಮೆದುಳಿಗೆ ಮಾಡುವ ತೊಂದರೆಗಳಲ್ಲಿ ಇದು ತೀರಾ ಘೋರವಾದದ್ದು. ಇದಕ್ಕಿಂತ ಸೌಮ್ಯವಾದ ಬಗೆಗಳೂ ಇವೆ. ಎಲ್ಲವನ್ನೂ ಸೇರಿಸಿ ಫ್ಲೂ ಎನ್‌ಕೆಫಲೋಪತಿ ಅನ್ನುತ್ತಾರೆ.

ಇದರಲ್ಲಿ ಒಂದು ಮೋಸದ ಗುಣವಿದೆ. ನನ್ನ ಇಡೀ ದೂರು ನಿಂತಿರುವುದು ಅದರ ಮೇಲೇ. ಈ ಮಕ್ಕಳ ಮೆದುಳಿನಲ್ಲಿ ವೈರಸ್ ಸಾಮಾನ್ಯವಾಗಿ ಸಿಗುವುದಿಲ್ಲ. ಬೆನ್ನಿನ ನೀರಿನಲ್ಲೂ ಅಪರೂಪ. ವೈರಸ್ ಇರುವುದು ಮೂಗು ಗಂಟಲಿನಲ್ಲಿ. ಅಲ್ಲಿ ಅದನ್ನು ಎದುರಿಸಲು ಹೊರಟ ಮಗುವಿನ ದೇಹವೇ ಅತಿಯಾಗಿ ಕೆರಳಿ, ರಕ್ತನಾಳಗಳು ಸೋರಿ, ಮೆದುಳು ಊದಿಕೊಳ್ಳುತ್ತದೆ. ಬೆಂಕಿ ಹತ್ತಿದ್ದು ಬಾಗಿಲಲ್ಲಿ, ಹೊಗೆ ತುಂಬಿದ್ದು ಒಳಮನೆಯಲ್ಲಿ. ನಾವು ಒಳಮನೆಯಲ್ಲಿ ಮಾತ್ರ ಬೆಂಕಿ ಹುಡುಕಿದರೆ ಸಿಗುವುದು ಹೇಗೆ? ಮೆದುಳು ಜ್ವರದ ಮಗು ಅಂದ ಕೂಡಲೇ ರಕ್ತ ತೆಗೀತೀವಿ, ಬೆನ್ನಿನ ನೀರು ತೆಗೀತೀವಿ. ಜೆಇ ಪರೀಕ್ಷೆ ನೆಗೆಟಿವ್ ಬರುತ್ತದೆ. ‘ಕಾರಣ ತಿಳಿದಿಲ್ಲ’ ಅಂತ ಬರೆದು ಫೈಲು ಮುಚ್ಚುತ್ತೇವೆ. ಮೂಗನ್ನು ಯಾರೂ ಕೇಳಲೇ ಇಲ್ಲ.

ಈಗ ನಿಮ್ಮ ಕಚೇರಿಗೆ ಬರುತ್ತೇನೆ.

ಮೆದುಳು ಜ್ವರದ ಲೆಕ್ಕ, ಅಂದರೆ ಎಇಎಸ್ (ಕಾರಣ ಯಾವುದೇ ಇರಲಿ, ಜ್ವರದ ಜೊತೆ ಎಚ್ಚರ ತಪ್ಪುವ ಅಥವಾ ಫಿಟ್ಸ್ ಬರುವ ಎಲ್ಲ ಕೇಸು) ಮತ್ತು ಜೆಇ, ಸೊಳ್ಳೆಯಿಂದ ಹರಡುವ ರೋಗಗಳ ಕಾರ್ಯಕ್ರಮದ ಕೆಳಗೆ ಬರುತ್ತದೆ. ಫ್ಲೂ ಲೆಕ್ಕ ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವ ಐಡಿಎಸ್‌ಪಿ ಕೆಳಗೆ ಬರುತ್ತದೆ. ಎರಡು ಕಾರ್ಯಕ್ರಮ, ಎರಡು ರಿಜಿಸ್ಟರ್. ನಾವು ವಾರವಾರ ತುಂಬುತ್ತಿದ್ದ ಹಳೆಯ ಪಿ ಫಾರ್ಮ್ ನಿಮಗೆ ನೆನಪಿರಬೇಕು. ಮೆದುಳು ಜ್ವರಕ್ಕೊಂದು ಸಾಲು, ನೆಗಡಿ ಜ್ವರಕ್ಕೊಂದು ಸಾಲು. ನಾಯಿ ಕಡಿತ, ಹಾವು ಕಡಿತಕ್ಕೂ ಒಂದೊಂದು ಸಾಲು ಇತ್ತು. ಫ್ಲೂನಿಂದ ಮೆದುಳಿಗೆ ಪೆಟ್ಟಾದ ಮಗುವಿಗೆ ಮಾತ್ರ ಸಾಲಿರಲಿಲ್ಲ. ಈಗ ಫಾರ್ಮ್ ಹೋಗಿ, ರೋಗಗಳ ವರದಿಯನ್ನು ಕಂಪ್ಯೂಟರಿನಲ್ಲೇ ತುಂಬುವ ಐಹಿಪ್ ಪೋರ್ಟಲ್ ಬಂದಿದೆ. 2018ರಲ್ಲಿ ಅದನ್ನು ಮೊದಲು ಶುರುಮಾಡಿದ ಏಳು ರಾಜ್ಯಗಳಲ್ಲಿ ನಮ್ಮದೂ ಒಂದು. ಹೆಮ್ಮೆಯ ವಿಷಯವೇ. ಆದರೆ ಕಾಗದ ಕಂಪ್ಯೂಟರ್ ಆದ ಮಾತ್ರಕ್ಕೆ ಮಧ್ಯದ ಗೋಡೆ ಬೀಳುವುದಿಲ್ಲ, ಅಲ್ವಾ? ಈ ಹುಡುಗಿ ಒಂದು ಕಡೆ ‘ಎಇಎಸ್, ಜೆಇ ನೆಗೆಟಿವ್’. ಇನ್ನೊಂದು ಕಡೆ, ಇದ್ದರೆ, ‘ಇನ್‌ಫ್ಲುಯೆಂಜಾ ಎ ಪಾಸಿಟಿವ್, ಒಂದು’. ಈ ಎರಡೂ ಒಂದೇ ಮಗು ಅನ್ನುವುದು ಅವಳ ತಾಯಿಗೆ ಗೊತ್ತು, ನನಗೆ ಗೊತ್ತು. ಸರ್ಕಾರಕ್ಕೆ ಗೊತ್ತಿಲ್ಲ.

“ಇದೆಲ್ಲ ಲಕ್ಷಕ್ಕೊಂದು ಕೇಸು, ಅದಕ್ಕೆಲ್ಲ ರಿಜಿಸ್ಟರ್ ಯಾಕೆ” ಅಂತ ನಿಮಗೆ ಅನ್ನಿಸಬಹುದು. ಜಪಾನಿನಲ್ಲೂ ಹಾಗೇ ಅಂದುಕೊಂಡಿದ್ದರು. ಆಮೇಲೆ 1998-99ರ ಚಳಿಗಾಲದಲ್ಲಿ ಇಡೀ ದೇಶದಲ್ಲಿ ಕೂತು ಲೆಕ್ಕ ಹಾಕಿದರು. ಒಂದೇ ಸೀಸನ್‌ನಲ್ಲಿ 148 ಕೇಸು ಸಿಕ್ಕವು. ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು. ಸುಮಾರು ಮೂರರಲ್ಲೊಂದು ಪಾಲು ತೀರಿಹೋದರು. ಇನ್ನೂ ಕಾಲು ಭಾಗಕ್ಕಿಂತ ಹೆಚ್ಚು ಜನ ಅಂಗವೈಕಲ್ಯದೊಂದಿಗೆ ಉಳಿದರು. ಹೆಚ್ಚಿನ ಮಕ್ಕಳಿಗೆ ಮೆದುಳಿನ ಲಕ್ಷಣ ಕಂಡಿದ್ದು ಜ್ವರ ಬಂದ ದಿನ ಅಥವಾ ಅದರ ಮರುದಿನ. ನನ್ನ ಹುಡುಗಿಯ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ.

ಲೆಕ್ಕ ಸಿಕ್ಕ ಮೇಲೆ ಅವರು ಸುಮ್ನೆ ಕೂರಲಿಲ್ಲ. 2004ರ ಹೊತ್ತಿಗೆ ಫ್ಲೂ ಎನ್‌ಕೆಫಲೋಪತಿಯ ಪ್ರತಿ ಕೇಸನ್ನೂ ಡಾಕ್ಟರ್‌ಗಳು ಸರ್ಕಾರಕ್ಕೆ ತಿಳಿಸಲೇಬೇಕು ಎಂದಾಯಿತು. 2005ರಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬಂತು, 2009ರಲ್ಲಿ ಅದನ್ನು ತಿದ್ದಿದರು. ಸಾವಿನ ಪ್ರಮಾಣ ಮೂರರಲ್ಲಿ ಒಂದು ಇದ್ದದ್ದು ಆಮೇಲೆ ಹತ್ತರಲ್ಲಿ ಒಂದರ ಆಸುಪಾಸಿಗೆ ಇಳಿಯಿತು.

ಆ ಮಾರ್ಗಸೂಚಿಯಲ್ಲಿ ತಂದೆತಾಯಿ ಗಮನಿಸಬೇಕಾದ ವರ್ತನೆಗಳ ಪಟ್ಟಿಯೊಂದಿದೆ. ನಾನು ಅದನ್ನು ಓದಿದ್ದು ಈ ಹುಡುಗಿ ಬೆಂಗಳೂರಿನಿಂದ ವಾಪಸ್ ಬಂದ ಮೇಲೆ. ಮಗು ಅಪ್ಪ ಅಮ್ಮನನ್ನು ಗುರುತು ಹಿಡಿಯದಿರುವುದು. ತನ್ನ ಕೈಯನ್ನೇ ತಿಂಡಿ ಅಂದುಕೊಂಡು ಕಚ್ಚುವುದು. ಇಲ್ಲದ ಪ್ರಾಣಿಗಳು ಕಾಣುವುದು. ಕಾರಣವಿಲ್ಲದೆ ಕಿರುಚುವುದು, ನಗುವುದು. ಮೊದಲನೆಯದನ್ನು ಓದಿದಾಗ ಪುಸ್ತಕ ಮಡಚಿ ಎದ್ದು ಹೋದೆ. “ಅಮ್ಮ ಎಲ್ಲಿ” ಅನ್ನುವುದು ಮಂಪರಿನ ಮಾತಾಗಿರಲಿಲ್ಲ. ಅದು ಲಕ್ಷಣವಾಗಿತ್ತು. ಜಪಾನಿನ ತಾಯಂದಿರಿಗೆ ಗೊತ್ತಿದ್ದದ್ದು ಎಂಡಿ ಮಾಡಿದ ನನಗೆ ಗೊತ್ತಿರಲಿಲ್ಲ, ಯಾಕೆಂದರೆ ನಮ್ಮಲ್ಲಿ ಅದನ್ನು ಯಾರೂ ಎಣಿಸಿ, ಬರೆದು, ಗೋಡೆಗೆ ಅಂಟಿಸಿಲ್ಲ.

ಅಮೆರಿಕದ ಕಥೆ ಇನ್ನೂ ಇತ್ತೀಚಿನದು. 2003-04ರಲ್ಲಿ ಅಲ್ಲಿ ಫ್ಲೂನಿಂದ 153 ಮಕ್ಕಳು ಸತ್ತ ವರದಿ ಬಂತು. ಗಾಬರಿಯಾಗಿ 2004ರ ಅಕ್ಟೋಬರ್‌ನಿಂದ ಮಕ್ಕಳ ಪ್ರತಿ ಫ್ಲೂ ಸಾವನ್ನೂ ತಿಳಿಸಬೇಕು ಅಂತ ಮಾಡಿದರು. ಇಪ್ಪತ್ತು ವರ್ಷ ಆ ಪಟ್ಟಿ ಬೆಳೆಯಿತು. 2025ರ ಆರಂಭದಲ್ಲಿ ಕೆಲವು ಆಸ್ಪತ್ರೆಗಳ ಡಾಕ್ಟರ್‌ಗಳು “ಈ ಸಲ ಮೆದುಳಿನ ಕೇಸು ಜಾಸ್ತಿ ಬರ್ತಿದೆ” ಅಂದಾಗ, ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯವರು ಹಳೆಯ ಪಟ್ಟಿ ತೆಗೆದು ನೋಡಿದರು. 2010ರಿಂದ ಸತ್ತ 1,840 ಮಕ್ಕಳಲ್ಲಿ 166 ಮಕ್ಕಳಿಗೆ ಮೆದುಳಿನ ತೊಂದರೆ ಇತ್ತು. ಆದರೆ ಬದುಕಿ ಉಳಿದವರು? ಅವರ ಪಟ್ಟಿ ಅಮೆರಿಕದ ಹತ್ತಿರವೂ ಇರಲಿಲ್ಲ. ಆಮೇಲೆ ರಾಜ್ಯಗಳಿಗೆ, ಡಾಕ್ಟರ್‌ಗಳಿಗೆ ಕೇಳಿಕೊಂಡು ಆ ಒಂದು ಸೀಸನ್ನಿನ 109 ಮಕ್ಕಳನ್ನು ಹುಡುಕಿದರು. ಅದರಲ್ಲಿ 37 ಮಕ್ಕಳಿಗೆ ಥಲಾಮಸ್ ಹಾಳಾಗುವ ಆ ಘೋರ ಬಗೆಯೇ ಬಂದಿತ್ತು. ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಮೊದಲು ಯಾವ ಕಾಯಿಲೆಯೂ ಇರಲಿಲ್ಲ. ಲಸಿಕೆ ಹಾಕಿಸಿಕೊಂಡಿದ್ದವರು ತೀರಾ ಕಡಿಮೆ.

ಕೇಳಿದರು, ಸಿಕ್ಕಿತು. ನಮ್ಮಲ್ಲಿ ಕೇಳಿದರೆ ಎಷ್ಟು ಸಿಗಬಹುದು? ಬೆಂಗಳೂರಿನ ಮಕ್ಕಳ ನರರೋಗ ತಜ್ಞರು ಇಂಥ ಮಕ್ಕಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ನಮ್ಮಲ್ಲಿ ಡೆಂಗಿ ಕೂಡ ಇದೇ ಬಗೆಯ ಪೆಟ್ಟು ಕೊಡುತ್ತದೆ. ಅಂದರೆ ಮಕ್ಕಳು ಇದ್ದಾರೆ. ಅವರು ಇರುವುದು ಪತ್ರಿಕೆಗಳಲ್ಲಿ, ರಿಜಿಸ್ಟರ್‌ನಲ್ಲಿ ಅಲ್ಲ.

ಎಣಿಸಿದರೆ ಏನು ಬಂತು ಅನ್ನುವವರಿಗೆ ನಾನು ಸದಾ ಹೇಳುವ ಒಂದು ಕಥೆ ಇದೆ. 1963ರಲ್ಲಿ ಆಸ್ಟ್ರೇಲಿಯಾದ ಡಗ್ಲಸ್ ರೇ ಒಂದು ಕಾಯಿಲೆ ವಿವರಿಸಿದರು. ಫ್ಲೂ ಅಥವಾ ಸಿಡುಬಿನಂಥ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಬಂದು ಇಳಿಯುತ್ತಿರುವ ಮಗುವಿಗೆ ಇದ್ದಕ್ಕಿದ್ದಂತೆ ವಾಂತಿ, ಪ್ರಜ್ಞೆ ತಪ್ಪುವುದು, ಲಿವರ್ ಕೆಡುವುದು, ಮೆದುಳು ಊದುವುದು. ಅಮೆರಿಕದಲ್ಲಿ ಇದನ್ನು ಎಣಿಸಲು ಶುರುಮಾಡಿದರು. 1980ರ ಸುಮಾರಿಗೆ ವರ್ಷಕ್ಕೆ 555 ಕೇಸು. ಎಣಿಸುವಾಗ ಪ್ರತಿ ಮನೆಯಲ್ಲೂ ಒಂದು ಪ್ರಶ್ನೆ ಕೇಳುತ್ತಿದ್ದರು: ಜ್ವರಕ್ಕೆ ಏನು ಕೊಟ್ಟಿರಿ? ಉತ್ತರ ಮತ್ತೆ ಮತ್ತೆ ಒಂದೇ ಬಂತು: ಆಸ್ಪಿರಿನ್. ಜ್ವರದ ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ ಎಂದು ಎಚ್ಚರಿಸಿದರು, ಡಬ್ಬಿಯ ಮೇಲೆ ಅಚ್ಚು ಹಾಕಿಸಿದರು. 1990ರ ದಶಕದ ಕೊನೆಗೆ ಅದು ವರ್ಷಕ್ಕೆ ಒಂದೆರಡು ಕೇಸಿಗೆ ಇಳಿಯಿತು. ಯಾವ ಹೊಸ ಔಷಧ ಕಂಡುಹಿಡಿದಿದ್ದರಿಂದಲೂ ಅಲ್ಲ. ಒಂದು ಕಾಲಂ ತುಂಬಿಸಿದ್ದರಿಂದ.

ಈ ಕಥೆ ನಮಗೆ ಹತ್ತಿರದ್ದು. ಜಪಾನಿನವರು ಎಣಿಸುತ್ತಾ ಹೋದಾಗ ಇನ್ನೊಂದು ಸಂಗತಿ ಕಂಡರು. ಫ್ಲೂ ಎನ್‌ಕೆಫಲೋಪತಿ ಬಂದ ಮಕ್ಕಳಲ್ಲಿ ಜ್ವರ ನೋವಿಗೆ ಕೊಡುವ ಡೈಕ್ಲೋಫೆನಾಕ್ ಅಥವಾ ಮೆಫೆನಮಿಕ್ ಆಸಿಡ್ ಕೊಟ್ಟವರಲ್ಲಿ ಸಾವು ಜಾಸ್ತಿ ಇತ್ತು. 2000-01ರ ಹೊತ್ತಿಗೆ ಫ್ಲೂ ಇರುವ ಮಕ್ಕಳಿಗೆ ಅವೆರಡೂ ಬೇಡ, ಪ್ಯಾರಾಸಿಟಮಾಲ್ ಸಾಕು ಅಂದರು. ಈಗ ನಮ್ಮ ಊರಿನ ಯಾವ ಮೆಡಿಕಲ್ ಸ್ಟೋರಿಗೆ ಬೇಕಾದರೂ ಹೋಗಿ “ಮಗುವಿಗೆ ಜ್ವರ ಇಳೀತಿಲ್ಲ” ಅನ್ನಿ. ಮೆಫೆನಮಿಕ್ ಆಸಿಡ್ ಇರುವ ಸಿರಪ್ ಕೈಗೆ ಬರುತ್ತದೆ. ಚೀಟಿ ಬೇಕಿಲ್ಲ. ನಮ್ಮ ಡಾಕ್ಟರ್‌ಗಳೂ ಧಾರಾಳವಾಗಿ ಬರೆಯುತ್ತಾರೆ. ಮೊದಲು ನಾನೂ ಬರೆಯುತ್ತಿದ್ದೆ. ಆ ಸಿರಪ್ಪೇ ಈ ಹುಡುಗಿಯ ಮೆದುಳು ಕೆಡಿಸಿತು ಅಂತ ನಾನು ಹೇಳುತ್ತಿಲ್ಲ, ಹಾಗೆ ಯಾರೂ ತಿಳಿಯಬಾರದು. ಹೌದೋ ಅಲ್ಲವೋ ಎಂದು ಕೇಳುವುದಕ್ಕೆ ಬೇಕಾದ ಪಟ್ಟಿಯೇ ನಮ್ಮಲ್ಲಿಲ್ಲ ಅನ್ನುತ್ತಿದ್ದೇನೆ. ಪಟ್ಟಿ ಇದ್ದರೆ ಅದರಲ್ಲಿ ‘ಜ್ವರಕ್ಕೆ ಏನು ಕೊಟ್ಟಿರಿ’ ಅನ್ನುವ ಕಾಲಂ ಇರುತ್ತದೆ. 2011ರಲ್ಲಿ ಜ್ವರದ ಇನ್ನೊಂದು ಔಷಧ ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಎಂದು ಕೇಂದ್ರ ಸರ್ಕಾರ ತಡೆದಾಗ ನಮಗೇನೂ ಕಷ್ಟವಾಗಲಿಲ್ಲ. ಜ್ವರ ಇಳಿಸಲು ಬೇರೆ ದಾರಿ ಇದ್ದೇ ಇತ್ತು.

ಎಣಿಸಿ ಕಂಡುಕೊಳ್ಳುವುದು ನಮ್ಮ ದೇಶಕ್ಕೆ ಬರದ ವಿದ್ಯೆಯೂ ಅಲ್ಲ. ಬಿಹಾರದ ಮುಜಫ್ಫರಪುರದಲ್ಲಿ ವರ್ಷಗಟ್ಟಲೆ ‘ಮೆದುಳು ಜ್ವರ’ ಅಂತ ಮಕ್ಕಳು ಸಾಯುತ್ತಿದ್ದರು. 2014ರ ಒಂದೇ ಬೇಸಿಗೆಯಲ್ಲಿ ಅಲ್ಲಿನ ಎರಡು ಆಸ್ಪತ್ರೆಗಳಿಗೆ 390 ಮಕ್ಕಳು ಸೇರಿ 122 ಮಕ್ಕಳು ತೀರಿಕೊಂಡರು. ಪ್ರತಿ ಮಗುವಿನ ಹಿಂದೆ ಬಿದ್ದು ವಿಚಾರಿಸಿದಾಗ ಹೊರಬಿದ್ದದ್ದು: ಹಗಲೆಲ್ಲ ಲಿಚಿ ತಿಂದು, ರಾತ್ರಿ ಊಟ ಇಲ್ಲದೆ ಮಲಗಿದ ಮಕ್ಕಳ ಸಕ್ಕರೆ ಅಂಶ ಕುಸಿದಿತ್ತು. ಗೋರಖಪುರದಲ್ಲಿ ಅದೇ ಎಇಎಸ್ ಡಬ್ಬಿ ತೆರೆದಾಗ ಒಳಗೆ ಸ್ಕ್ರಬ್ ಟೈಫಸ್ ಅನ್ನುವ ಜ್ವರ ಸಿಕ್ಕಿತು. ಅದಕ್ಕೆ ಅಗ್ಗದ ಆಂಟಿಬಯಾಟಿಕ್ ಸಾಕು. ಎಇಎಸ್ ಅನ್ನುವುದು ರೋಗದ ಹೆಸರಲ್ಲ. ಅದು ಒಂದು ಮುಚ್ಚಿದ ಡಬ್ಬಿ. ಜೆಇ ಒಂದನ್ನೇ ನೋಡಿ ಮತ್ತೆ ಮುಚ್ಚಳ ಹಾಕಿದರೆ ಉಳಿದದ್ದು ಒಳಗೇ ಉಳಿಯುತ್ತದೆ.

ನಮ್ಮ ರಾಜ್ಯದಲ್ಲಂತೂ ಈ ಕಸುಬಿನ ಬೇರು ಆಳವಾಗಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಹತ್ತಿರದ ಹಳ್ಳಿಗಳ ಜನಕ್ಕೆ ಜ್ವರ ಬರುತ್ತಿದೆ ಅನ್ನುವುದನ್ನು ಯಾರೋ ಗಮನಿಸಿ ತಿಳಿಸಿದ್ದರಿಂದಲೇ ಜಗತ್ತಿಗೆ ಒಂದು ಹೊಸ ವೈರಸ್ ಗೊತ್ತಾಯಿತು. 2022ರ ಡಿಸೆಂಬರ್‌ನಲ್ಲಿ ಹಾಸನ, ತುಮಕೂರು ಸೇರಿ ಹತ್ತು ಹೊಸ ಜಿಲ್ಲೆಗಳಲ್ಲಿ ನೀವು ಸುಮಾರು 48 ಲಕ್ಷ ಮಕ್ಕಳಿಗೆ ಜೆಇ ಲಸಿಕೆ ಹಾಕುವ ಕೆಲಸ ಕೈಗೆತ್ತಿಕೊಂಡಿರಿ. ಒಳ್ಳೆಯ ಕೆಲಸ. ಜೆಇ ಕಡಿಮೆಯಾದಷ್ಟೂ ಎಇಎಸ್ ಡಬ್ಬಿಯಲ್ಲಿ ಉಳಿದ ಕಾರಣಗಳ ಪಾಲು ಹೆಚ್ಚುತ್ತದೆ. ಈಗ ಅವುಗಳ ಕಡೆ ತಿರುಗಿ ನೋಡುವ ಸಮಯ.

ನಾನು ಕೇಳುವುದು ದೊಡ್ಡದೇನಲ್ಲ. ಜ್ವರದ ಜೊತೆ ಫಿಟ್ಸ್ ಬಂದು ಸರಿಹೋಗದ, ಇಲ್ಲವೇ ಎಚ್ಚರದಲ್ಲಿ ವ್ಯತ್ಯಾಸ ಕಾಣುವ ಪ್ರತಿ ಮಗುವಿಗೂ ರಕ್ತ, ಬೆನ್ನಿನ ನೀರಿನ ಜೊತೆಗೆ ಮೂಗು ಗಂಟಲಿನ ಸ್ವಾಬ್ ಕೂಡ ಕಡ್ಡಾಯ ಮಾಡಿ. ಮೊದಲ ದಿನವೇ, ಮೊದಲು ದಾಖಲಾದ ಕಡೆಯೇ. ನಾಲ್ಕನೇ ದಿನ ಬೆಂಗಳೂರಿನಲ್ಲಿ ಅಲ್ಲ. ದೇಶದ ಫ್ಲೂ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಮಂಪರು ಅಥವಾ ಫಿಟ್ಸ್ ಇರುವ ಮಗು ‘ಸಿ’ ವರ್ಗ. ಪರೀಕ್ಷೆ ಮಾಡಿ, ಆಸ್ಪತ್ರೆಗೆ ಸೇರಿಸಿ, ಔಷಧ ತಕ್ಷಣ ಶುರುಮಾಡಿ ಎಂದಿದೆ. ಹೊಸ ಆದೇಶವೇ ಬೇಡ, ಇರುವುದನ್ನು ಮೆದುಳು ಜ್ವರದ ವಾರ್ಡಿಗೂ ತಲುಪಿಸಿದರೆ ಸಾಕು.

ಆ ಸ್ವಾಬ್ ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವೈರಾಣು ಪ್ರಯೋಗಾಲಯ ಮೆದುಳಿನ ಸೋಂಕುಗಳಲ್ಲಿ ಪಳಗಿದೆ. ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿಯ ಬೆಂಗಳೂರು ಘಟಕ ಫ್ಲೂ ನೋಡುತ್ತದೆ. ಎರಡೂ ಹೊಸೂರು ರಸ್ತೆಯ ಆಸುಪಾಸಿನಲ್ಲೇ ಇವೆ. ಕಟ್ಟಡಗಳು ಅಷ್ಟು ಹತ್ತಿರ ಇದ್ದು ರಿಜಿಸ್ಟರ್‌ಗಳು ಇಷ್ಟು ದೂರ ಇರುವುದು ನನಗೆ ಅರ್ಥವಾಗದ ಮಾತು. ಒಂದು ಮಗುವಿಗೆ ಒಂದೇ ಗುರುತಿನ ಸಂಖ್ಯೆ ಕೊಟ್ಟು ಎರಡೂ ಕಡೆಯ ಫಲಿತಾಂಶ ಒಂದೇ ಪುಟಕ್ಕೆ ಬರುವಂತೆ ಮಾಡುವುದು ಪೋರ್ಟಲ್ ನಡೆಸುವವರಿಗೆ ಕಷ್ಟದ ಕೆಲಸವೇ?

ನಮ್ಮಂಥ ಖಾಸಗಿ ಕ್ಲಿನಿಕ್‌ಗಳನ್ನೂ ಬಿಡಬೇಡಿ. ನಾವು ವರದಿ ಮಾಡುವುದಿಲ್ಲ ಅನ್ನುವುದು ನಿಜ. ಆದರೆ ಪೋಲಿಯೋ ಕಾಲ ನೆನಪಿಸಿಕೊಳ್ಳಿ. 15 ವರ್ಷದೊಳಗಿನ ಯಾವ ಮಗುವಿನ ಕೈಕಾಲು ಇದ್ದಕ್ಕಿದ್ದಂತೆ ಸೋತರೂ ನಾವು ಫೋನ್ ಮಾಡುತ್ತಿದ್ದೆವು. ಮಾಡದಿದ್ದರೆ ನಿಮ್ಮವರೇ ವಾರಕ್ಕೊಮ್ಮೆ ಮಾಡುತ್ತಿದ್ದರು. “ಏನಾದ್ರೂ ಕೇಸು ಇದೆಯಾ ಮೇಡಂ?” ಅಂತ ಕೇಳಿ, ಇಲ್ಲ ಅಂದರೆ ಸೊನ್ನೆ ಬರೆದುಕೊಂಡು ಹೋಗುತ್ತಿದ್ದರು. ಇದ್ದರೆ 14 ದಿನದೊಳಗೆ, ಒಂದು ದಿನದ ಅಂತರದಲ್ಲಿ, ಎರಡು ಸಲ ಮಲದ ಮಾದರಿ ಐಸ್ ಡಬ್ಬಿಯಲ್ಲಿ ಹೋಗುತ್ತಿತ್ತು. ಆ ಸೊನ್ನೆಗಳನ್ನು ಬರೆದುಕೊಂಡೇ 2011ರ ಜನವರಿಯ ಕೊನೆಯ ಕೇಸಿನವರೆಗೆ ಬಂದೆವು, 2014ರಲ್ಲಿ ಪೋಲಿಯೋ ಮುಕ್ತ ಅನ್ನಿಸಿಕೊಂಡೆವು. ಆ ಜಾಲ ಇನ್ನೂ ಇದೆ. ಅದೇ ಫೋನಿನಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿ ಅಷ್ಟೇ.

ಎಲ್ಲ ಕಡೆ ಒಟ್ಟಿಗೆ ಬೇಡ ಅಂದರೆ, ಮಕ್ಕಳ ಐಸಿಯು ಇರುವ ದೊಡ್ಡ ಆಸ್ಪತ್ರೆಗಳಿಂದ ಶುರುಮಾಡಿ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿ. ಆಸ್ಟ್ರೇಲಿಯಾದಲ್ಲಿ 2007ರಿಂದ ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ ಮಕ್ಕಳ ಕೆಲವು ಗಂಭೀರ ಕಾಯಿಲೆಗಳನ್ನು ಹುಡುಕುವುದಕ್ಕೆಂದೇ ನರ್ಸ್‌ಗಳಿದ್ದಾರೆ. ಅವರು ವರದಿಗೆ ಕಾಯುವುದಿಲ್ಲ. ವಾರ್ಡಿಗೆ ಹೋಗಿ ಕೇಸ್‌ಶೀಟ್ ತಿರುವಿ ಹುಡುಕುತ್ತಾರೆ. ನಮ್ಮ ಸಿಸ್ಟರ್‌ಗಳಿಗೆ ಆ ಕೆಲಸ ಕೊಟ್ಟು ನೋಡಿ, ಯಾವ ಸಾಫ್ಟ್‌ವೇರೂ ಹುಡುಕದ್ದನ್ನು ಹುಡುಕಿಕೊಡುತ್ತಾರೆ.

ಔಷಧದ ಮಾತು. ಒಸೆಲ್ಟಾಮಿವಿರ್ ಹಿಂದೆ ಹುಡುಕಿದರೂ ಸಿಗದ ಔಷಧವಾಗಿತ್ತು. 2017ರಲ್ಲಿ ನಿಯಮ ಸಡಿಲ ಮಾಡಿದ ಮೇಲೆ ಮೆಡಿಕಲ್ ಸ್ಟೋರ್‌ಗಳಲ್ಲೂ ಮಾರಬಹುದು. ಆದರೂ ಮಳೆಗಾಲದಲ್ಲಿ ಮಕ್ಕಳ ಸಿರಪ್ ನಮ್ಮ ಊರಿನಲ್ಲಿ ಇರುವುದಿಲ್ಲ. ನಮ್ಮಲ್ಲಿ ಫ್ಲೂ ಜೋರಾಗುವುದು ಮಳೆಗಾಲದಲ್ಲಿ, ಆಮೇಲೆ ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ. ಜೂನ್ ಬರುವ ಮೊದಲೇ ತಾಲೂಕು ಆಸ್ಪತ್ರೆಗಳಿಗೆ ಸಿರಪ್ ತಲುಪಿರಬೇಕು. ಸೀಸನ್ ಮುಗಿದ ಮೇಲೆ ಬಂದ ಸಿರಪ್ ಕಪಾಟಿನಲ್ಲೇ ಅವಧಿ ಮುಗಿಸುತ್ತದೆ. ಈ ಔಷಧ ಎಲ್ಲ ಮಕ್ಕಳನ್ನೂ ಉಳಿಸುತ್ತದೆ ಅಂತ ನಾನು ಹೇಳಲಾರೆ. ಬೇಗ ಕೊಟ್ಟಷ್ಟೂ ಒಳ್ಳೆಯದು ಅನ್ನುವುದು ಮಾತ್ರ ಗಟ್ಟಿ.

ಲಸಿಕೆ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಪ್ರತಿ ವರ್ಷ ಫ್ಲೂ ಲಸಿಕೆ ಹಾಕಿಸಿ ಎಂದು ಭಾರತೀಯ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಸರ್ಕಾರದ ಲಸಿಕೆ ಪಟ್ಟಿಯಲ್ಲಿ ಅದಿಲ್ಲ. ಹೊರಗೆ ಒಂದು ಡೋಸ್‌ಗೆ ಸಾವಿರ ರೂಪಾಯಿಗೂ ಜಾಸ್ತಿ, ಮೊದಲ ವರ್ಷ ಎರಡು ಡೋಸ್ ಬೇಕು. ಈ ಹುಡುಗಿಯ ತಂದೆ ಗಾರೆ ಕೆಲಸದವರು. ನಾನು ಯಾವತ್ತೂ ಅವರಿಗೆ ಆ ಲಸಿಕೆಯ ಹೆಸರನ್ನೇ ಹೇಳಿರಲಿಲ್ಲ. ಹೇಳಿದರೆ ಸುಮ್ನೆ ಸಂಕಟ ಪಡುತ್ತಾರೆ ಅಂದುಕೊಂಡಿದ್ದೆ. ಅದನ್ನು ಸರ್ಕಾರ ಕೊಡಬೇಕೋ ಬೇಡವೋ ಅನ್ನುವ ಚರ್ಚೆಗೂ ಮೊದಲು ಬೇಕಾದ್ದು ಎಷ್ಟು ಮಕ್ಕಳು ಅನ್ನುವ ಲೆಕ್ಕ. ಮತ್ತೆ ಅಲ್ಲಿಗೇ ಬಂದೆ ನೋಡಿ.

ಹುಡುಗಿ ಈಗ ಬುಧವಾರ ಬುಧವಾರ ಫಿಸಿಯೋಥೆರಪಿಗೆ ಬರುತ್ತಾಳೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತಾಳೆ. ಎಡಗೈ ಇನ್ನೂ ಮುಷ್ಟಿ ಬಿಟ್ಟಿಲ್ಲ. ಮಾತು ನಿಧಾನವಾಗಿ ಮರಳುತ್ತಿದೆ. “ಅಮ್ಮ” ಅನ್ನುತ್ತಾಳೆ, ಸರಿಯಾದವರ ಕಡೆ ನೋಡಿಯೇ ಅನ್ನುತ್ತಾಳೆ. ಅಜ್ಜಿ ಈಗಲೂ ಕೈಗೊಂಚಲನ್ನು ಸೆರಗಿಗೆ ಕಟ್ಟಿಕೊಂಡೇ ಬರುತ್ತಾರೆ, ನಾನು ಏನೂ ಅನ್ನುವುದಿಲ್ಲ.

ಚೀಟಿಯನ್ನು ನಾನು ತಿದ್ದಿಲ್ಲ. ಅದೇ ಮಾತನ್ನು ಇನ್ನೊಂದು ಸಲ ದೊಡ್ಡ ಅಕ್ಷರದಲ್ಲಿ ಬರೆದು, ಎಂಆರ್‌ಐ ಮತ್ತು ಸ್ವಾಬ್ ವರದಿಯ ಜೆರಾಕ್ಸ್ ಲಗತ್ತಿಸಿ ಕಳಿಸಿದ್ದೇನೆ. ಈ ಪತ್ರದ ಜೊತೆ, ತಾಯಿಯ ಒಪ್ಪಿಗೆ ಪಡೆದು, ಹೆಸರು ಅಳಿಸಿದ ಒಂದು ಪ್ರತಿಯನ್ನು ನಿಮಗೂ ಇಟ್ಟಿದ್ದೇನೆ. ನೀವು ಹೊಸ ರಿಜಿಸ್ಟರ್ ತೆರೆಯುವುದಾದರೆ ಮೊದಲ ಸಾಲಿಗೆ ಬೇಕಾದ ವಿವರವೆಲ್ಲ ಅದರಲ್ಲಿದೆ. ಜ್ವರಕ್ಕೆ ಏನು ಕೊಟ್ಟಿದ್ದರು ಅನ್ನುವುದೂ ಇದೆ.

ಮುಂದಿನ ಮಳೆಗಾಲಕ್ಕೆ ನನ್ನ ಕ್ಲಿನಿಕ್ಕಿಗೆ ಇಪ್ಪತ್ತು ಸ್ವಾಬ್ ಕಿಟ್ ಮತ್ತು ಅವನ್ನು ಒಯ್ಯುವ ಐಸ್ ಡಬ್ಬಿ ಬೇಕು. ಸೋಮವಾರದಿಂದ ಶನಿವಾರ, ಬೆಳಿಗ್ಗೆ ಹತ್ತರಿಂದ ಒಂದೂವರೆ, ಸಂಜೆ ಐದರಿಂದ ಎಂಟೂವರೆ ತೆರೆದಿರುತ್ತದೆ. ಯಾರನ್ನಾದರೂ ಕಳಿಸಿ.

ಇಂತಿ,
ತಾಲೂಕು ಊರಿನ ಒಬ್ಬ ಮಕ್ಕಳ ಡಾಕ್ಟರ್